ನೆಲ ಬೆಚ್ಚಗಾಯಿತು, ಪೈಪು ಹೆಪ್ಪುಗಟ್ಟಿತು: ಒಂದು ಮನೆಯ ಪ್ರಕರಣ

ಈ ಬರಹ ಒಂದೇ ಒಂದು ಮನೆಯ ಬಗ್ಗೆ. ಚಳಿಗಾಲದ ಒಂದು ರಾತ್ರಿ ಅವರ ಅಡುಗೆಮನೆಗೆ ಹೋಗುವ ನೀರಿನ ಪೈಪುಗಳು ಹೆಪ್ಪುಗಟ್ಟಿದವು, ಎರಡರಲ್ಲಿ ಒಂದು ಸೀಳಿತು. ಮನೆಗಳ ನೀರಿನ ಕೆಲಸ ಮಾಡುವವನಾಗಿ ನಾನು ಅಲ್ಲಿಗೆ ಹೋಗಿದ್ದೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಯಾವುದನ್ನೂ ಇಟ್ಟಿಲ್ಲ. ಪೈಪಿನ ದಾರಿ, ಮಾಡಿದ ಕೆಲಸ, ಅದು ನಡೆದ ಕ್ರಮ, ಇವೆಲ್ಲ ಇದ್ದ ಹಾಗೇ ಇವೆ.

ಇಂಥ ಪ್ರಕರಣ ಬಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಬಿಸಿ ಮಾಡುವ ಕಡೆಗೆ. ಬಿಸಿ ಮಾಡಲೇಬೇಕು, ನಿಜ. ಆದರೆ ಪೈಪಿನೊಳಗೆ ಮಂಜುಗಡ್ಡೆ ಎಲ್ಲಿದೆ ಅಂತ ಹುಡುಕದೆ, ನೀರು ನಿಲ್ಲಿಸುವುದು ಎಲ್ಲಿ ಅಂತ ತಿಳಿಯದೆ ಬಿಸಿ ಮಾಡಲು ಹೊರಟರೆ ಏನಾಗುತ್ತದೆ ಅನ್ನುವುದನ್ನು ಈ ಮನೆ ಚೆನ್ನಾಗಿ ತೋರಿಸುತ್ತದೆ.

ಮನೆ ಮತ್ತು ನೀರಿನ ದಾರಿ

ಎರಡು ಮಹಡಿಯ ಮರದ ಮನೆ, ಹಳೆಯದು. ಗಂಡ, ಹೆಂಡತಿ, ಓದುವ ಮಗಳು, ಗಂಡನ ತಾಯಿ, ಇಷ್ಟು ಜನ. ಕೆಳಗಿನ ಮಹಡಿಯ ನೆಲ ಮಣ್ಣಿಗೆ ತಾಗಿಲ್ಲ. ಮಣ್ಣಿಗೂ ನೆಲದ ಹಲಗೆಗೂ ನಡುವೆ ಎರಡೂವರೆ ಅಡಿ ಖಾಲಿ ಜಾಗ ಇದೆ, ತೆವಳಿಕೊಂಡು ಮಾತ್ರ ಒಳಗೆ ಹೋಗಬಹುದು. ತೇವ ನಿಲ್ಲದೆ ಗಾಳಿಯಾಡಲಿ ಅಂತ ಅದರ ಸುತ್ತ ಗೋಡೆಯಲ್ಲಿ ಜಾಲರಿಯ ಕಿಂಡಿಗಳಿವೆ.

ಮೇನ್ ಪೈಪು ಮನೆಯ ಮುಂದಿನ ಮೂಲೆಯಲ್ಲಿ, ಗೀಸರ್ ಇರುವ ಸಣ್ಣ ಕೋಣೆಯೊಳಗೆ ಬರುತ್ತದೆ. ಅಲ್ಲೇ ಮೇನ್ ವಾಲ್ವ್. ಅಲ್ಲಿಂದ ಒಂದು ಕವಲು ಒಳಗೋಡೆಯಲ್ಲಿ ಹತ್ತಿ ಮೇಲಿನ ಬಚ್ಚಲುಮನೆಗೆ ಹೋಗುತ್ತದೆ. ಇನ್ನೊಂದು ನೆಲದಡಿಗೆ ಇಳಿದು ಮನೆಯ ಉದ್ದಕ್ಕೂ ಸಾಗಿ ಹಿಂದಿನ ಮೂಲೆಯಲ್ಲಿರುವ ಅಡುಗೆಮನೆಗೆ ಏರುತ್ತದೆ. ತಣ್ಣೀರು, ಬಿಸಿನೀರು ಎರಡಕ್ಕೂ ಇದೇ ವ್ಯವಸ್ಥೆ, ಎರಡೂ ಅರ್ಧ ಇಂಚಿನ ತಾಮ್ರದ ಪೈಪು, ಜೊತೆಜೊತೆಗೇ ಓಡುತ್ತವೆ. ಅಡುಗೆಮನೆಯ ಸಿಂಕಿನಲ್ಲಿ ಎರಡಕ್ಕೂ ಬೇರೆ ಬೇರೆ ನಲ್ಲಿ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮನೆಯಲ್ಲಿ ಅವರು ಹಲವು ಚಳಿಗಾಲ ಕಳೆದಿದ್ದರು. ಇದಕ್ಕಿಂತ ಜಾಸ್ತಿ ಚಳಿಯ ರಾತ್ರಿಗಳೂ ಬಂದು ಹೋಗಿದ್ದವು. ಪೈಪು ಒಮ್ಮೆಯೂ ಹೆಪ್ಪುಗಟ್ಟಿರಲಿಲ್ಲ. ಈ ಸಲ ಮಾತ್ರ ಯಾಕೆ ಅನ್ನುವುದೇ ಇಡೀ ಪ್ರಕರಣದ ಗಂಟು. ಅದರ ಉತ್ತರ ಬಹಳ ತಡವಾಗಿ ಸಿಕ್ಕಿತು.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ

ಹಿಂದಿನ ರಾತ್ರಿ ಉಷ್ಣಾಂಶ ಮೈನಸ್ 13ರವರೆಗೆ ಇಳಿದಿತ್ತು, ಜೊತೆಗೆ ಜೋರು ಗಾಳಿ. ಮಲಗುವ ಮುಂಚೆ ಅಡುಗೆಮನೆಯ ನಲ್ಲಿಯಲ್ಲಿ ನೀರು ಸರಿಯಾಗಿಯೇ ಬರುತ್ತಿತ್ತು. ಬೆಳಗ್ಗೆ ತಿರುಗಿಸಿದರೆ ಎರಡರಲ್ಲೂ ಒಂದು ಹನಿ ಇಲ್ಲ.

ಯಜಮಾನರು ಮೊದಲು ಅಂದುಕೊಂಡದ್ದು ಊರಿನ ನೀರು ಸರಬರಾಜೇ ನಿಂತಿದೆ ಅಂತ. ಸ್ವಲ್ಪ ಹೊತ್ತು ಕಾದರು. ಅಷ್ಟರಲ್ಲಿ ಮೇಲಿನಿಂದ ಇಳಿದು ಬಂದ ಮಗಳು, "ಅಪ್ಪಾ, ಮೇಲೆ ನೀರು ಬರ್ತಿದೆಯಲ್ಲ, ನಾನು ಈಗ ತಾನೇ ಮುಖ ತೊಳೆದೆ" ಅಂದಳು. ಆ ಒಂದು ಮಾತಿನಲ್ಲಿ ಅರ್ಧ ಉತ್ತರ ಇತ್ತು. ಮೇಲೆ ಬಿಸಿನೀರು, ತಣ್ಣೀರು ಎರಡೂ ಬರುತ್ತಿವೆ ಅಂದರೆ ಮೇನ್ ಸರಿ ಇದೆ, ಗೀಸರ್ ಸರಿ ಇದೆ, ಕವಲು ಒಡೆಯುವ ಜಾಗದವರೆಗೆ ಎಲ್ಲ ಸರಿ ಇದೆ. ತೊಂದರೆ ಇರುವುದು ಅಡುಗೆಮನೆಗೆ ಹೋಗುವ ಕವಲಿನಲ್ಲಿ ಮಾತ್ರ, ಅದೂ ಎರಡು ಪೈಪೂ ಒಟ್ಟಿಗೆ ಹೋಗುವ ಯಾವುದೋ ಒಂದು ಜಾಗದಲ್ಲಿ. ಗಡಿಬಿಡಿಯಲ್ಲಿ ಯಾರೂ ಇದನ್ನು ಜೋಡಿಸಿ ನೋಡಲಿಲ್ಲ. ಬೆಳಗಿನ ಹೊತ್ತು ಮನೆಯಲ್ಲಿ ನೀರಿಲ್ಲದೆ ಇದ್ದರೆ ತಲೆ ಹಾಗೇ ಓಡುವುದು.

ಆಮೇಲೆ ಸಿಂಕಿನ ಕೆಳಗಿನ ಕಪಾಟು ತೆಗೆದು, ಕಾಣುವ ಪೈಪಿನ ತುಂಡಿಗೆ ಹೇರ್ ಡ್ರೈಯರ್ ಹಿಡಿದರು. ತುಂಬಾ ಹೊತ್ತು ಹಿಡಿದರು. ಪೈಪು ಬೆಚ್ಚಗಾಯಿತು, ನೀರು ಬರಲಿಲ್ಲ. ಬಿಸಿ ನೀರಲ್ಲಿ ಅದ್ದಿದ ಟವೆಲ್ ಸುತ್ತಿದರು. ಅಜ್ಜಿ ಸಿಂಕಿನ ತೂತಿಗೆ ಕುದಿಯುವ ನೀರು ಸುರಿದರು. ಅದು ಕೊಳೆನೀರು ಹೋಗುವ ಪೈಪು, ನೀರು ತರುವ ಪೈಪಿಗೂ ಅದಕ್ಕೂ ಸಂಬಂಧವೇ ಇಲ್ಲ. ತುಂಬಾ ಮನೆಗಳಲ್ಲಿ ಹೀಗೆ ಮಾಡುವುದನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕೊನೆಗೆ ಮನೆಯ ಹೀಟಿಂಗನ್ನು ಪೂರ್ತಿ ಏರಿಸಿದರು. ಒಳಗೆ ಬೆವರುವಷ್ಟು ಬಿಸಿ. ಹೊರಗೂ ಮಧ್ಯಾಹ್ನಕ್ಕೆ ಮೈನಸ್ 4ಕ್ಕೆ ಏರಿತ್ತು. ಆದರೂ ನಲ್ಲಿ ಒಣಗಿಯೇ ಇತ್ತು.

ಫೋನಿನಲ್ಲಿ ಸಂಬಂಧಿಕರೊಬ್ಬರು ಗ್ಯಾಸ್ ಟಾರ್ಚ್ ಹಿಡಿದರೆ ಹತ್ತು ನಿಮಿಷದ ಕೆಲಸ ಅಂದರು. ಯಜಮಾನರು ಹೊರಟೂ ಬಿಟ್ಟಿದ್ದರು. ಅವರ ಹೆಂಡತಿ ತಡೆದರು: "ರೀ, ನೆಲದಡಿ ಬೆಂಕಿ ಮಾತ್ರ ಬೇಡ. ಮೊದಲು ಯಾರನ್ನಾದರೂ ಕೇಳೋಣ." ಈ ಪ್ರಕರಣದ ಅತಿ ದೊಡ್ಡ ತಿರುವು ಇದೇ ಅಂತ ನನಗೆ ಅನ್ನಿಸುತ್ತದೆ. ನೆಲದಡಿ ಇಕ್ಕಟ್ಟು ಜಾಗ, ಮೇಲೆ ಒಣಗಿದ ಮರ. ಅಲ್ಲಿ ಕಿಡಿ ಹಾರಿ ಮರದ ಸಂದಿಗೆ ಸೇರಿದರೆ ಗೊತ್ತಾಗುವುದೇ ಇಲ್ಲ, ಒಳಗೊಳಗೇ ಹೊಗೆಯಾಡಿ ಎಷ್ಟೋ ಹೊತ್ತಿನ ಮೇಲೆ ಬೆಂಕಿ ಏಳಬಹುದು. ಇನ್ನೊಂದು ಅಪಾಯವೂ ಇದೆ. ಎರಡು ಕಡೆ ಗಡ್ಡೆ ಇದ್ದು ನಡುವೆ ಟಾರ್ಚ್ ಹಿಡಿದರೆ ಅಲ್ಲಿನ ನೀರು ಆವಿಯಾಗುತ್ತದೆ, ಆವಿಗೆ ಹೋಗಲು ದಾರಿ ಇಲ್ಲ. ಪೈಪು ಹಿಡಿದವರ ಮುಖಕ್ಕೇ ಸಿಡಿಯಬಹುದು.

ಪೈಪಿನೊಳಗೆ ಏನಾಗಿತ್ತು

ನಿಂತ ನೀರು ಸೊನ್ನೆ ಡಿಗ್ರಿ ಮುಟ್ಟಿದ ತಕ್ಷಣ ಗಡ್ಡೆಯಾಗುವುದಿಲ್ಲ. ಪೈಪಿನೊಳಗೆ ಸದ್ದಿಲ್ಲದೆ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗೂ ಇಳಿದು ನೀರಾಗಿಯೇ ಇರಬಲ್ಲದು. ಆಮೇಲೆ ಒಮ್ಮೆಲೇ ಸೂಜಿಯಂಥ ಹರಳುಗಳು ಹರಡಿ ಪೈಪಿನ ಅಗಲವನ್ನೆಲ್ಲ ತುಂಬುತ್ತವೆ. ಮಲಗುವಾಗ ಸರಿ ಇದ್ದ ನಲ್ಲಿ ಬೆಳಗ್ಗೆ ಪೂರ್ತಿ ನಿಂತಿರಲು ಇದೂ ಒಂದು ಕಾರಣ.

ನೀರು ಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಿದ ಗಡ್ಡೆ ಪೈಪನ್ನು ಒಳಗಿಂದ ಒತ್ತಿ ಆ ಜಾಗದಲ್ಲೇ ಸೀಳುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ನಡೆಯುವುದು ಬೇರೆ. ಗಡ್ಡೆ ಬೆಳೆಯುತ್ತಾ ಮುಂದಿನ ನೀರನ್ನು ನಲ್ಲಿಯ ಕಡೆಗೆ ತಳ್ಳುತ್ತದೆ. ಹಿಂದಿನ ಕಡೆಯ ನೀರಿಗೆ ಮೇನ್ ಪೈಪಿನತ್ತ ಸರಿಯಲು ದಾರಿ ಇದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಯಾವ ದಾರಿಯೂ ಇಲ್ಲ. ಅಲ್ಲಿ ಒತ್ತಡ ಮಾಮೂಲಿಗಿಂತ ಎಷ್ಟೋ ಪಟ್ಟು ಏರುತ್ತದೆ, ಪೈಪು ಸೀಳುವುದು ಅಲ್ಲಿ. ಅಂದರೆ ಗಡ್ಡೆ ಇದ್ದ ಜಾಗ ಒಂದು, ಸೀಳು ಇರುವ ಜಾಗ ಇನ್ನೊಂದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಇನ್ಸುಲೇಶನ್, ಅಂದರೆ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ, ಇಲ್ಲದ ಪೈಪಿಗೆ ಹೊರಗಿನ ಉಷ್ಣಾಂಶ ಸುಮಾರು ಮೈನಸ್ 7ಕ್ಕೆ ಇಳಿದಾಗ ಎಚ್ಚರ ವಹಿಸಬೇಕು ಅನ್ನುವ ಲೆಕ್ಕವೂ ಅಲ್ಲಿಂದಲೇ ಬಂದದ್ದು. ಗಾಳಿ ನೇರವಾಗಿ ಪೈಪಿಗೆ ಬಡಿಯುತ್ತಿದ್ದರೆ ಅದಕ್ಕಿಂತ ಮೊದಲೇ ತೊಂದರೆ ಶುರುವಾಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೀಳಿದ ಪೈಪು ಹೆಪ್ಪುಗಟ್ಟಿರುವವರೆಗೆ ಸೋರುವುದಿಲ್ಲ, ಗಡ್ಡೆಯೇ ಬಿರಡೆಯಾಗಿರುತ್ತದೆ. ಕರಗಿದ ಮೇಲೆ ಸೋರಿಕೆ ಶುರು. ಮನೆ ಹಾಳಾಗುವುದು ಹೆಪ್ಪುಗಟ್ಟಿದ ರಾತ್ರಿಯಲ್ಲ, ಕರಗುವ ಗಳಿಗೆಯಲ್ಲಿ, ಅದೂ ಮನೆಯಲ್ಲಿ ಯಾರೂ ಇಲ್ಲದಾಗ.

ಮೊದಲು ಹುಡುಕಿದ್ದು

ನಾನು ಫೋನಿನಲ್ಲೇ ಎರಡು ಕೆಲಸ ಹೇಳಿದೆ. ಅಡುಗೆಮನೆಯ ಎರಡೂ ನಲ್ಲಿ ತೆರೆದಿಡಿ, ಮೇನ್ ವಾಲ್ವ್ ಮುಚ್ಚಿ. ಎರಡನೆಯದು ಸುಲಭವಾಗಲಿಲ್ಲ. ವಾಲ್ವ್ ಎಲ್ಲಿದೆ ಅಂತ ಹುಡುಕಲು ಹೊತ್ತು ಹಿಡಿಯಿತು, ಸಿಕ್ಕ ಮೇಲೆ ಬಿಗಿದುಕೊಂಡು ತಿರುಗಲಿಲ್ಲ. ವರ್ಷಗಟ್ಟಲೆ ಮುಟ್ಟದ ಹಳೆಯ ವಾಲ್ವಿಗೆ ಸ್ಪ್ಯಾನರ್ ಹಾಕಿ ಒಮ್ಮೆಲೇ ಜೋರು ಮಾಡಿದರೆ ಒಳಗಿನ ಕಡ್ಡಿ ಮುರಿಯುತ್ತದೆ, ಆಗ ಮನೆಯೊಳಗೆ ನೀರು ನಿಲ್ಲಿಸುವ ದಾರಿಯೇ ಇರುವುದಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ನಿಧಾನವಾಗಿ ಆಡಿಸುತ್ತಾ ಬನ್ನಿ ಅಂದೆ. ನಾನು ತಲುಪುವಷ್ಟರಲ್ಲಿ ಮುಚ್ಚಿದ್ದರು. ಗೀಸರಿನ ಸ್ವಿಚ್ಚನ್ನೂ ಆರಿಸಿದೆವು, ನೀರು ಬರದೆ ಅದು ಸುಮ್ನೆ ಕಾಯುತ್ತಾ ಇರಬಾರದು.

ಆಮೇಲೆ ನೆಲದಡಿಗೆ ಇಳಿದೆ. ಪೈಪು ಗೀಸರ್ ಕೋಣೆಯಿಂದ ಹಿಂದಿನ ಮೂಲೆಯವರೆಗೆ ಹಲಗೆಗಿಂತ ಸ್ವಲ್ಪ ಕೆಳಗೆ ತೂಗಿಕೊಂಡಿತ್ತು. ದೂರದಿಂದ ಉಷ್ಣಾಂಶ ಅಳೆಯುವ ಥರ್ಮಾಮೀಟರ್ ಹಿಡಿದು ಅಳೆಯುತ್ತಾ ಹೋದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊಳೆಯುವ ತಾಮ್ರದ ಮೇಲೆ ಆ ಥರ್ಮಾಮೀಟರ್ ಸರಿಯಾದ ಅಂಕಿ ತೋರಿಸುವುದಿಲ್ಲ, ಸುತ್ತಲಿನ ವಸ್ತುಗಳ ಬಿಸಿಯೇ ತಾಮ್ರದಲ್ಲಿ ಪ್ರತಿಫಲಿಸಿ ಮೋಸವಾಗುತ್ತದೆ. ಅಲ್ಲಲ್ಲಿ ಪೈಪಿಗೆ ಕರೆಂಟಿನ ವೈರಿಗೆ ಸುತ್ತುವ ಕಪ್ಪು ಟೇಪು ಸುತ್ತಿ, ಅದು ತಣ್ಣಗಾಗಲು ಬಿಟ್ಟು, ಟೇಪಿನ ಮೇಲೆ ಅಳೆದೆ. ಗೀಸರ್ ಕೋಣೆಯ ಹತ್ತಿರ 5 ಡಿಗ್ರಿ, ನಡುಮನೆಯ ಕೆಳಗೆ 1, ಹಿಂದಿನ ಮೂಲೆಯ ಹತ್ತಿರ ಬರುತ್ತಾ ಮೈನಸ್ 2, ಮೈನಸ್ 5. ಕೊನೆಯ ನಾಲ್ಕು ಮೀಟರಿನಷ್ಟು ಉದ್ದಕ್ಕೆ ಪೈಪಿನ ಮೇಲೆ ಬೆಳ್ಳಗೆ ಹಿಮದ ಪುಡಿ ಕೂತಿತ್ತು.

ಆ ಮೂಲೆಯಲ್ಲಿ ಮುಖಕ್ಕೆ ಗಾಳಿ ಬಡಿಯಿತು. ಬ್ಯಾಟರಿ ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಗೋಡೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅದರಲ್ಲಿ ಇಂಟರ್ನೆಟ್ಟಿನ ಕೇಬಲ್. ಕೇಬಲ್ ಎಳೆದವರು ತೂತಿನ ಉಳಿದ ಭಾಗವನ್ನು ಮುಚ್ಚಿರಲಿಲ್ಲ. ಗಾಳಿ ನೇರವಾಗಿ ಎರಡೂ ಪೈಪಿನ ಮೇಲೆ ಬೀಸುತ್ತಿತ್ತು. ಅದನ್ನು ಅಲ್ಲೇ ಬಟ್ಟೆ ತುರುಕಿ ಮುಚ್ಚಿದೆ.

ಬೆಳಗ್ಗೆ ಹೇರ್ ಡ್ರೈಯರ್ ಹಿಡಿದದ್ದು ಇಲ್ಲಿಂದ ಮೀಟರುಗಟ್ಟಲೆ ದೂರದ ತುಂಡಿಗೆ. ತಾಮ್ರ ಬಿಸಿಯನ್ನು ಚೆನ್ನಾಗಿ ಒಯ್ಯುತ್ತದೆ ಅನ್ನುವುದು ನಿಜವಾದರೂ, ದಾರಿಯುದ್ದಕ್ಕೂ ತಣ್ಣನೆ ಗಾಳಿ ಆ ಬಿಸಿಯನ್ನು ಕಿತ್ತುಕೊಳ್ಳುತ್ತಲೇ ಇರುತ್ತದೆ. ಗಡ್ಡೆಯವರೆಗೆ ಏನೂ ತಲುಪಿರಲಿಲ್ಲ.

ಬಿಸಿ ಎಷ್ಟು ಬೇಕು, ಎಲ್ಲಿ ಬೇಕು

ಒಂದು ಸಣ್ಣ ಲೆಕ್ಕ ಹಾಕೋಣ, ಯಾಕೆಂದರೆ ಆಮೇಲಿನ ನಿರ್ಧಾರವೆಲ್ಲ ಇದರ ಮೇಲೆ ನಿಂತಿತ್ತು. ಸೊನ್ನೆ ಡಿಗ್ರಿಯ ಒಂದು ಕಿಲೋ ಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರು ಮಾಡಲು 334 ಕಿಲೋಜೂಲ್ ಬಿಸಿ ಬೇಕು. ಅಷ್ಟೇ ಬಿಸಿಯಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಕೇಳಿದರೆ ದೊಡ್ಡದು ಅನ್ನಿಸುತ್ತದೆ. ಆದರೆ ಅರ್ಧ ಇಂಚಿನ ತಾಮ್ರದ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಸುವ ನೀರು ಸುಮಾರು 150 ಮಿಲಿಲೀಟರ್ ಮಾತ್ರ. ಒಂದು ಪೈಪಿನಲ್ಲಿ ನಾಲ್ಕು ಮೀಟರ್ ಪೂರ್ತಿ ಗಡ್ಡೆಯಾಗಿದೆ ಅಂದುಕೊಂಡರೂ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಒಂದು ಸಾವಿರ ವ್ಯಾಟಿನ ಹೀಟರಿನ ಬಿಸಿಯೆಲ್ಲ ಗಡ್ಡೆಗೇ ಹೋದರೆ ಮೂರು ನಾಲ್ಕು ನಿಮಿಷದಲ್ಲಿ ಕರಗಬೇಕು!

ಹಾಗಿದ್ದೂ ಗಂಟೆಗಟ್ಟಲೆ ಯಾಕೆ ಹಿಡಿಯುತ್ತದೆ? ಬಿಸಿ ಗಡ್ಡೆಗೆ ಹೋಗುವುದಿಲ್ಲ, ಸುತ್ತಲಿನ ಚಳಿಗೆ ಹೋಗುತ್ತದೆ. ಹಾಗಾಗಿ ಹೆಚ್ಚು ಉರಿಯುವ ಸಾಧನ ತರುವುದಕ್ಕಿಂತ, ಇರುವ ಬಿಸಿ ಓಡಿ ಹೋಗದಂತೆ ಮಾಡುವುದು ಮೇಲು. ಗ್ಯಾಸ್ ಟಾರ್ಚಿನ ಆಸೆ ಬಿಡಿಸಲು ನಾನು ಯಜಮಾನರಿಗೆ ಹೇಳಿದ್ದು ಇದೇ ಲೆಕ್ಕವನ್ನು. ಅವರು ಕೇಳಿ, ಒಪ್ಪಿ, ಮನೆಯಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆ ತಂದರು.

ಆ ಹಾಳೆಯನ್ನು ತೊಲೆಗಳಿಗೆ ಮೊಳೆ ಹೊಡೆದು ಮಣ್ಣಿನವರೆಗೆ ಇಳಿಬಿಟ್ಟು, ಹಿಂದಿನ ಮೂಲೆಯನ್ನು ಉಳಿದ ನೆಲದಡಿಯಿಂದ ಬೇರ್ಪಡಿಸಿದೆವು. ಒಳಗೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಒಂದನ್ನು ಹಲಗೆಯ ಮೇಲೆ ನೇರವಾಗಿ ನಿಲ್ಲಿಸಿದೆವು. ಅದರಲ್ಲಿ ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವುದಿಲ್ಲ, ಆದರೂ ಪ್ಲಾಸ್ಟಿಕ್ ಮತ್ತು ಮರ ಎರಡರಿಂದಲೂ ದೂರ ಇಟ್ಟೆವು, ಒಬ್ಬರು ಸದಾ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಬ್ರೇಕರ್ ಇರುವ ಸಾಕೆಟ್ಟಿನಿಂದಲೇ ವೈರು ಎಳೆದೆವು, ಜೋಡಣೆಯ ಜಾಗವನ್ನು ಮಣ್ಣಿಗೆ ತಾಗದಂತೆ ಎತ್ತಿ ಕಟ್ಟಿದೆವು. ಒದ್ದೆ ಮಣ್ಣಿನ ಮೇಲೆ ಮಲಗಿ ಕೈಯಲ್ಲಿ ಹೇರ್ ಡ್ರೈಯರ್ ಹಿಡಿಯುವ ಕೆಲಸ ಮಾತ್ರ ಬೇಡ ಅಂದೆ, ಪೈಪು ಸೀಳಿದ್ದರೆ ನೀರು ಚಿಮ್ಮುವುದು ಅಲ್ಲೇ.

ಹೇರ್ ಡ್ರೈಯರ್ ಕೆಲಸಕ್ಕೆ ಬಂದದ್ದು ಮೇಲೆ, ಅಡುಗೆಮನೆಯಲ್ಲಿ. ಪೈಪು ಅಡುಗೆಮನೆಯ ಹೊರಗೋಡೆಯಲ್ಲಿ ಏರುವ ಜಾಗಕ್ಕೆ, ನಲ್ಲಿಯ ಕಡೆಯಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಹಿಡಿದೆವು. ಯಾವಾಗಲೂ ತೆರೆದ ನಲ್ಲಿಯ ಕಡೆಯಿಂದಲೇ ಶುರು ಮಾಡಬೇಕು, ಕರಗಿದ ನೀರಿಗೆ ಹೊರಬರುವ ದಾರಿ ಸಿಗುತ್ತದೆ. ಪ್ಲಾಸ್ಟಿಕ್ ಪೈಪಾಗಿದ್ದರೆ ಇನ್ನೂ ದೂರದಿಂದ, ಇನ್ನೂ ಕಡಿಮೆ ಬಿಸಿಯಲ್ಲಿ ಹಿಡಿಯಬೇಕಿತ್ತು. ಮಾಮೂಲಿ ಪಿವಿಸಿ ಪೈಪು 60 ಡಿಗ್ರಿ ದಾಟಿದರೆ ಕೆಲಸಕ್ಕೆ ಬಾರದಂತೆ ಮೆತ್ತಗಾಗುತ್ತದೆ.

ವಾಲ್ವ್ ತೆರೆದಿರಬೇಕೇ, ಮುಚ್ಚಿರಬೇಕೇ

ಇದರ ಬಗ್ಗೆ ಕೆಲಸ ಬಲ್ಲವರಲ್ಲೇ ಎರಡು ಮಾತಿದೆ. ಮೇನ್ ತೆರೆದಿದ್ದರೆ ಗಡ್ಡೆಯಲ್ಲಿ ಸಣ್ಣ ದಾರಿ ಆದ ತಕ್ಷಣ ನೀರು ಹರಿಯಲು ಶುರುವಾಗಿ ಉಳಿದದ್ದನ್ನು ತಾನೇ ಬೇಗ ಕರಗಿಸುತ್ತದೆ. ಇದು ನಿಜ. ಆದರೆ ಪೈಪು ಸೀಳಿದ್ದರೆ ಅದೇ ನೀರು ಮನೆಯೊಳಗೆ ಪೂರ್ತಿ ಒತ್ತಡದಲ್ಲಿ ನುಗ್ಗುತ್ತದೆ. ಪೈಪು ಪೂರ್ತಿ ಕಣ್ಣಿಗೆ ಕಾಣುವಂತಿದ್ದು, ಜನ ಹತ್ತಿರವೇ ಇದ್ದರೆ ತೆರೆದಿಡಬಹುದು. ಇಲ್ಲಿ ಒಂದು ಭಾಗ ಗೋಡೆಯೊಳಗಿತ್ತು. ಅದಕ್ಕೇ ಮುಚ್ಚಿಯೇ ಶುರು ಮಾಡಿದೆವು.

ಮುಚ್ಚಿದ್ದರೆ ಕರಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಮಧ್ಯದ ದಾರಿ ಹಿಡಿದೆವು. ಟೇಪಿನ ಮೇಲಿನ ಅಂಕಿ ಎಲ್ಲ ಕಡೆ ಸೊನ್ನೆ ದಾಟಿದ ಮೇಲೆ, ಮಗಳು ಮೇನ್ ವಾಲ್ವಿನ ಮೇಲೆ ಕೈಯಿಟ್ಟು ನಿಂತಳು, ಯಜಮಾನರ ಹೆಂಡತಿ ಅಡುಗೆಮನೆಯ ನಲ್ಲಿಯ ಹತ್ತಿರ, ನಾನು ನೆಲದಡಿಯ ಬಾಗಿಲಲ್ಲಿ. ಸ್ವಲ್ಪವೇ ತೆರೆಯುವುದು, ನೋಡುವುದು, ಮುಚ್ಚುವುದು. ಒಬ್ಬರೇ ಇದ್ದಾಗ ಈ ಕೆಲಸ ಮಾಡಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಮೊದಲ ಸಲ ಏನೂ ಇಲ್ಲ. ಮತ್ತೆ ಸ್ವಲ್ಪ ಹೊತ್ತು ಕಾದು ತೆರೆದಾಗ ತಣ್ಣೀರಿನ ನಲ್ಲಿ ಉಸಿರು ಬಿಟ್ಟಂತೆ ಸದ್ದು ಮಾಡಿ, ಗಡ್ಡೆಯ ಚೂರು ಉಗುಳಿ, ನೀರು ಕೊಟ್ಟಿತು. ಬಿಸಿನೀರಿನದು ಇನ್ನೂ ಇಲ್ಲ. ಮೇಲಿನವರು ಆಗಲೇ ಖುಷಿಯಾಗಿದ್ದರು, ಇನ್ನು ಪೂರ್ತಿ ತೆರೆಯೋಣ ಅಂದರು. ಒಂದು ಬಂತು ಅಂದಮಾತ್ರಕ್ಕೆ ಇನ್ನೊಂದು ಸರಿ ಇದೆ ಅಂತಲ್ಲ, ತಡೆಯಿರಿ ಅಂದೆ.

ಮುಂದಿನ ಸಲ ತೆರೆದಾಗ ನೆಲದಡಿಯಲ್ಲಿ ಬಿಸಿನೀರಿನ ಪೈಪಿನಿಂದ ನೀರು ಬೀಸಣಿಗೆಯಂತೆ ಹರಡಿ ಚಿಮ್ಮಿತು. ಕೂಗಿದೆ, ಮಗಳು ಮುಚ್ಚಿದಳು. ರೇಡಿಯೇಟರಿನ ಕರೆಂಟು ತೆಗೆಸಿದ ಮೇಲೆಯೇ ಒಳಗೆ ಹೋಗಿ ನೋಡಿದೆ. ಮಣ್ಣು ಒದ್ದೆಯಾಗಿತ್ತು, ಅಷ್ಟೇ. ವಾಲ್ವ್ ಪೂರ್ತಿ ತೆರೆದು ಎಲ್ಲರೂ ಟೀ ಕುಡಿಯಲು ಕೂತಿದ್ದರೆ ಆ ನೀರು ಗೋಡೆಯೊಳಗೆ, ನೆಲದ ಇನ್ಸುಲೇಶನ್ನಿನೊಳಗೆ ಎಷ್ಟು ಹೊತ್ತು ನುಗ್ಗುತ್ತಿತ್ತೋ.

ಸೀಳು ಇದ್ದದ್ದು ಹಿಮ ದಪ್ಪಗೆ ಕೂತಿದ್ದ ಜಾಗದಲ್ಲಲ್ಲ. ಅದರ ಆಚೆ, ನಲ್ಲಿಯ ಕಡೆಗೆ, ಪೈಪು ತಿರುಗಿ ಮೇಲೇರುವ ಎಲ್ಬೋ (ಮೊಣಕೈಯಂತೆ ಬಾಗಿದ ಜಾಯಿಂಟು) ಹತ್ತಿರ. ಪೈಪಿನ ಉದ್ದಕ್ಕೆ ಬೆರಳಿನ ಒಂದು ಗಿಣ್ಣಿನಷ್ಟು ಸೀಳಿ, ಅಂಚುಗಳು ಹೊರಕ್ಕೆ ಉಬ್ಬಿದ್ದವು.

ಒಂದು ಸೀಳಿತು, ಇನ್ನೊಂದು ಉಳಿಯಿತು

ಎರಡೂ ಒಂದೇ ಅಳತೆಯ ತಾಮ್ರ, ಒಂದೇ ಜಾಗ, ಒಂದೇ ಗಾಳಿ. ಬಿಸಿನೀರಿನದು ಮಾತ್ರ ಸೀಳಿದ್ದೇಕೆ ಅಂತ ಯಜಮಾನರು ಕೇಳಿದರು. ನನಗೂ ಅದೇ ಯೋಚನೆ ಇತ್ತು. ಉತ್ತರ ಕೊಟ್ಟವರು ಅಜ್ಜಿ. ತಣ್ಣೀರಿನ ನಲ್ಲಿಯ ವಾಷರ್ ಸವೆದು ಕೆಲವು ಸಮಯದಿಂದ ಹನಿ ಹನಿ ಸೋರುತ್ತಿತ್ತು, ಬದಲಿಸು ಅಂತ ಅವರು ಮಗನಿಗೆ ಹೇಳುತ್ತಲೇ ಇದ್ದರು. ಬಿಸಿನೀರಿನ ನಲ್ಲಿ ಬಿಗಿಯಾಗಿ ಮುಚ್ಚುತ್ತಿತ್ತು.

ಆ ಹನಿ ಪೈಪು ಹೆಪ್ಪುಗಟ್ಟುವುದನ್ನು ತಡೆಯಲಿಲ್ಲ, ಅಷ್ಟು ಚಳಿಯಲ್ಲಿ ಅಷ್ಟು ಸಣ್ಣ ಹರಿವು ಸಾಲದು. ಆದರೆ ಗಡ್ಡೆ ಬೆಳೆದು ನೀರನ್ನು ನಲ್ಲಿಯ ಕಡೆಗೆ ತಳ್ಳಿದಾಗ, ಸವೆದ ವಾಷರಿನ ಸಂದಿಯಲ್ಲಿ ಆ ನೀರು ಹೊರಗೆ ಹೋಯಿತು, ಒತ್ತಡ ಏರಲೇ ಇಲ್ಲ. ಚಳಿ ರಾತ್ರಿ ನಲ್ಲಿಯನ್ನು ಸ್ವಲ್ಪ ಸೋರುವಂತೆ ಬಿಡಿ ಅಂತ ಹೇಳುವುದರ ಮುಖ್ಯ ಕಾರಣ ಇದೇ. ಹರಿಯುವ ನೀರು ಗಡ್ಡೆಯಾಗುವುದಿಲ್ಲ ಅಂತ ನಂಬಿ ಒಂದೇ ನಲ್ಲಿ ಬಿಟ್ಟು ಇನ್ನೊಂದನ್ನು ಬಿಗಿಯಾಗಿ ಮುಚ್ಚುವವರು ತುಂಬಾ ಜನ ಇದ್ದಾರೆ. ಎರಡನ್ನೂ ಬಿಡಬೇಕು.

ಗೀಸರಿನಿಂದ ಹೊರಡುವ ಬಿಸಿನೀರಿನ ವಾಲ್ವ್ ಮುಚ್ಚಿ, ಮನೆಗೆಲ್ಲ ತಣ್ಣೀರು ಕೊಟ್ಟು ಅಂದಿನ ಕೆಲಸ ನಿಲ್ಲಿಸಿದೆವು. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರಿನ ಮುಳ್ಳನ್ನು ಅರ್ಧ ಗಂಟೆ ನೋಡಿದೆವು, ಅಲುಗಲಿಲ್ಲ. ತಣ್ಣೀರಿನ ಪೈಪು ಗಟ್ಟಿ ಇದೆ ಅಂತ ಆಗ ನಂಬಿದೆ. ಮರುದಿನ ಸೀಳಿದ ತುಂಡು ಕತ್ತರಿಸಿದಾಗ ಅದರ ಪಕ್ಕದಲ್ಲೂ ಒಂದಷ್ಟು ಉದ್ದ ತಾಮ್ರ ಉಬ್ಬಿರುವುದು ಕಂಡಿತು. ಹೊಸ ಜಾಯಿಂಟು ಅದರ ಮೇಲೆ ಜಾರಲಿಲ್ಲ, ಅದೇ ಸಾಕ್ಷಿ. ಉಬ್ಬಿದ ತಾಮ್ರ ತೆಳ್ಳಗಾಗಿರುತ್ತದೆ, ಅದನ್ನೂ ತೆಗೆದೆವು. ಬೆಸುಗೆ ಹಾಕಲಿಲ್ಲ. ಮರದ ಕೆಳಗೆ ಬೆಂಕಿ ಬೇಡವೆಂದೇ ನಟ್ಟು ಬಿಗಿಯುವ ಜಾಯಿಂಟು ಹಾಕಿದೆವು.

ಈ ಸಲ ಯಾಕೆ

ಕೇಬಲ್ಲಿನ ತೂತು ಕಾರಣ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಆದರೆ ಆ ಕೇಬಲ್ ಬಂದು ಒಂದೆರಡು ಚಳಿಗಾಲ ಆಗಲೇ ಕಳೆದಿತ್ತು. ಹಾಗಾದರೆ ಹೊಸದಾಗಿ ಬದಲಾದದ್ದೇನು?

ನೆಲದಡಿಯಲ್ಲಿ ಮಲಗಿ ಮೇಲೆ ನೋಡಿದಾಗ ಕಣ್ಣಿಗೆ ಬಿದ್ದಿತು. ತೊಲೆಗಳ ನಡುವೆ ಹೊಚ್ಚ ಹೊಸ ಇನ್ಸುಲೇಶನ್. ಅಜ್ಜಿಗೆ ಕಾಲು ತಣ್ಣಗಾಗುತ್ತದೆ ಅಂತ ಚಳಿಗಾಲಕ್ಕೆ ಮುಂಚೆ ಹಾಕಿಸಿದ್ದರಂತೆ. ಒಳ್ಳೆಯ ಕೆಲಸ, ಅಚ್ಚುಕಟ್ಟಾಗಿಯೂ ಮಾಡಿದ್ದರು. ನೆಲ ಬೆಚ್ಚಗಾಗಿತ್ತು, ಹೀಟಿಂಗಿನ ಖರ್ಚೂ ಇಳಿದಿತ್ತು. ಆದರೆ ಪೈಪುಗಳು ಆ ಇನ್ಸುಲೇಶನ್ನಿಗಿಂತ ಕೆಳಗೆ ತೂಗುತ್ತಿದ್ದವು. ಇಷ್ಟು ವರ್ಷ ಮನೆಯ ಬಿಸಿ ನೆಲದ ಹಲಗೆಯಿಂದ ಸೋರಿ ಕೆಳಗಿಳಿದು ಆ ಪೈಪುಗಳನ್ನು ಕಾಪಾಡುತ್ತಿತ್ತು. ಆ ಸೋರಿಕೆ ನಿಂತಿತು. ಪೈಪುಗಳು ಮನೆಯ ಹೊರಗೆ ಉಳಿದವು. ಬೆಳಗ್ಗೆ ಹೀಟಿಂಗ್ ಎಷ್ಟು ಏರಿಸಿದರೂ ಏನೂ ಆಗದಿದ್ದುದಕ್ಕೂ ಇದೇ ಕಾರಣ. ಬಿಸಿಗೆ ಕೆಳಗಿಳಿಯುವ ದಾರಿಯೇ ಇರಲಿಲ್ಲ.

ಇನ್ಸುಲೇಶನ್ ಹಾಕಿದವರು ಪೈಪಿನ ಬಗ್ಗೆ ಕೇಳಲಿಲ್ಲ, ಮನೆಯವರು ಹೇಳಲಿಲ್ಲ. ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಮನೆಯ ಬಿಸಿ ಉಳಿಸುವ ಯಾವ ಕೆಲಸ ಮಾಡಿಸಿದರೂ, ಇಷ್ಟು ದಿನ ಸೋರುತ್ತಿದ್ದ ಬಿಸಿಯ ಮೇಲೆ ಏನು ನಿಂತಿತ್ತು ಅಂತ ಕೇಳಿಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಟ್ಟದಲ್ಲಿ ಪೈಪು, ಟ್ಯಾಂಕು ಇರುವ ಮನೆಗಳಲ್ಲೂ ಇದೇ ಕಥೆ.

ಮುಂದಕ್ಕೆ ಏನು ಮಾಡಿದರು

ಯಜಮಾನರಿಗೆ ಮೊದಲು ಹೊಳೆದದ್ದು ಪೈಪಿಗೆ ಫೋಮ್ ಸುತ್ತಿಬಿಡುವುದು. ಫೋಮ್ ತಾನಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿ ಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಅರ್ಧ ಇಂಚಿನ ಪೈಪಿನಲ್ಲಿ ನಿಂತಿರುವ ಸ್ವಲ್ಪ ನೀರು ಉದ್ದನೆಯ ಚಳಿ ರಾತ್ರಿಯಲ್ಲಿ ಫೋಮಿನೊಳಗೂ ಹೆಪ್ಪುಗಟ್ಟುತ್ತದೆ. ನೆಲದ ಇನ್ಸುಲೇಶನ್ ತೆಗೆಯುವ ಮಾತೂ ಬಂತು, ಅಜ್ಜಿಯ ಸಲುವಾಗಿ ಬೇಡ ಅಂದರು. ಸರಿಯಾದ ನಿರ್ಧಾರ.

ಮಾಡಿದ್ದು ಇಷ್ಟು. ಪೈಪು ಓಡುವ ಸಾಲಿನಲ್ಲಿ ಇನ್ಸುಲೇಶನ್ ಇಳಿಸಿ, ಪೈಪುಗಳನ್ನು ಹಲಗೆಯ ಹತ್ತಿರಕ್ಕೆ ಎತ್ತಿ ಕಟ್ಟಿ, ಅವುಗಳ ಕೆಳಗೆ ಮತ್ತೆ ಇನ್ಸುಲೇಶನ್ ಕೂರಿಸಿದರು. ಈಗ ಪೈಪು ಮನೆಯ ಬಿಸಿಯ ಕಡೆಗೆ ಇದೆ. ಹಿಂದಿನ ಮೂಲೆಯಲ್ಲಿ ಅಡ್ಡ ತೊಲೆ ಇದ್ದುದರಿಂದ ಎತ್ತಲು ಆಗಲಿಲ್ಲ, ಅಲ್ಲಿ ಮಾತ್ರ ಚಳಿ ಹೆಚ್ಚಾದಂತೆ ತಾನೇ ಹೆಚ್ಚು ಕಾಯುವ ಹೀಟಿಂಗ್ ಕೇಬಲ್ ಹಾಕಿ, ಅದಕ್ಕೆ ಒಪ್ಪುವ ಫೋಮ್ ಸುತ್ತಿದೆವು. ಕೇಬಲ್ ತೂತನ್ನು ಸರಿಯಾಗಿ ತುಂಬಿದೆವು. ಗಾಳಿ ಬೀಸುವ ಕಡೆಯ ಕಿಂಡಿಗಳಿಗೆ ತೆಗೆದು ಹಾಕುವಂಥ ಮುಚ್ಚಳ ಮಾಡಿಸಿದರು, ಕಡು ಚಳಿಯ ದಿನಗಳಿಗೆ ಮಾತ್ರ. ವರ್ಷವಿಡೀ ಮುಚ್ಚಿದರೆ ತೇವ ನಿಂತು ತೊಲೆ ಕೊಳೆಯುತ್ತದೆ. ಮೇನ್ ವಾಲ್ವ್ ಬದಲಿಸಿ, ಕಾಲು ಸುತ್ತಿಗೆ ಮುಚ್ಚುವಂಥದ್ದು ಹಾಕಿದೆವು. ನಾಲ್ಕೂ ಜನ ಒಬ್ಬೊಬ್ಬರಾಗಿ ಮುಚ್ಚಿ ತೆರೆದು ನೋಡಿದರು.

ಮೂಲೆಯ ಪೈಪಿಗೆ ತಾಗಿಸಿ ಒಂದು ಉಷ್ಣಾಂಶದ ಸೆನ್ಸರ್ ಇಟ್ಟು, ಅದರ ಅಂಕಿ ಅಡುಗೆಮನೆಯಲ್ಲಿ ಕಾಣುವಂತೆ ಮಾಡಿದ್ದು ಯಜಮಾನರ ಹೆಂಡತಿಯ ಯೋಚನೆ. ಅದೇ ಚಳಿಗಾಲದಲ್ಲಿ ಅದು ಕೆಲಸಕ್ಕೆ ಬಂತು. ಮತ್ತೆ ಮೈನಸ್ 10ಕ್ಕೆ ಇಳಿದ ಒಂದು ರಾತ್ರಿ, ಎಂದೂ 4ಕ್ಕಿಂತ ಕೆಳಗಿಳಿಯದ ಅಂಕಿ 1ಕ್ಕೆ ಬಂದಿರುವುದನ್ನು ಮಗಳು ನೋಡಿದಳು. ಹೀಟಿಂಗ್ ಕೇಬಲ್ಲಿನ ಬ್ರೇಕರ್ ಬಿದ್ದಿತ್ತು. ಆ ರಾತ್ರಿ ಎರಡೂ ನಲ್ಲಿ ಸ್ವಲ್ಪ ಬಿಟ್ಟು, ಸಿಂಕಿನ ಕೆಳಗಿನ ಕಪಾಟು ತೆರೆದಿಟ್ಟು ಮಲಗಿದರು. ಬೆಳಗ್ಗೆ ನೀರು ಬಂತು. ಬ್ರೇಕರ್ ಬೀಳಲು ಕಾರಣ ಪ್ಲಗ್ಗಿನೊಳಗೆ ಸೇರಿದ್ದ ತೇವ. ಈಗ ಆ ಸಾಕೆಟ್ ನೆಲದಡಿಯಲ್ಲಿಲ್ಲ, ಗೀಸರ್ ಕೋಣೆಯಲ್ಲಿದೆ.

ಕರೆಂಟೇ ಹೋದರೆ ಕೇಬಲ್ಲೂ ಇಲ್ಲ, ಹೀಟಿಂಗೂ ಇಲ್ಲ. ಅದಕ್ಕೆ ಅಡುಗೆಮನೆಯ ಕವಲಿನ ಅತಿ ತಗ್ಗಿನ ಜಾಗದಲ್ಲಿ ಎರಡೂ ಪೈಪಿಗೆ ಒಂದೊಂದು ಸಣ್ಣ ನೀರು ಬಿಡುವ ನಲ್ಲಿ ಕೂರಿಸಿದ್ದೇವೆ. ಮೇನ್ ಮುಚ್ಚಿ, ಗೀಸರಿನ ಹೊರದಾರಿಯ ವಾಲ್ವ್ ಮುಚ್ಚಿ, ಅಡುಗೆಮನೆಯ ನಲ್ಲಿ ತೆರೆದು, ಇವನ್ನು ಬಿಟ್ಟರೆ ಆ ಸಾಲು ಖಾಲಿಯಾಗುತ್ತದೆ. ನೀರಿಲ್ಲದ ಪೈಪಿನಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ. ಈ ಕ್ರಮವನ್ನು ಮಗಳು ದೊಡ್ಡ ಅಕ್ಷರದಲ್ಲಿ ಬರೆದು ವಾಲ್ವಿನ ಪಕ್ಕದ ಗೋಡೆಗೆ ಅಂಟಿಸಿದ್ದಾಳೆ.